ಮಾಂತ್ರಿಕನ ಕೋಣೆಯಂತೆ, ಮಣ್ಣಂತೆ!

ಬೆಳಗ್ಗೆಯಿಂದ ಒಬ್ಬರಾದ ಮೇಲೆ ಒಬ್ಬರು ಅದೇ ವಿಡಿಯೋ ಕಳಿಸುತ್ತಿದ್ದಾರೆ. ನನ್ನ ಹಂಪಿ ಹುಚ್ಚು ನಿಮಗೆಲ್ಲ ಗೊತ್ತಲ್ಲ, ಅದಕ್ಕೇ ಇರಬೇಕು. ಹಿಂದೆ ಢಂಢಂ ಸಂಗೀತ, ಮುಂದೆ ಒಂದು ಗಡಸು ದನಿ. ಹಂಪಿಯ ಈ ಕಲ್ಲಿನ ಹಿಂದೆ ಮಾಂತ್ರಿಕನೊಬ್ಬನ ಗುಪ್ತ ಕೋಣೆ ಇದೆಯಂತೆ. ಒಳಗೆ ಮಾಯದ ಕನ್ನಡಿ, ಮಂತ್ರಿಸಿದ ಕತ್ತಿ, ಕೊಪ್ಪರಿಗೆ ತುಂಬ ಚಿನ್ನ. ಕಾವಲಿಗೆ ಏಳು ಹೆಡೆಯ ಸರ್ಪ. ಅವನು ತೋರಿಸಿದ ಕಲ್ಲು ನೋಡಿದರೆ ಪುಷ್ಕರಣಿಗೆ ನೀರು ತರುವ ಕಲ್ಲಿನ ಕಾಲುವೆ ಮಾರಾಯ್ರೇ! ಮಾಂತ್ರಿಕ ಏನು, ನೀರಿನ ಪೈಪಿನೊಳಗೆ ಮಲಗಿದ್ದನಾ?

ನಕ್ಕು ಬಿಟ್ಟುಬಿಡಬಹುದಿತ್ತು. ಆಗಲಿಲ್ಲ. ಯಾಕೆಂದರೆ ಇಂಥ ಕತೆಯ ಹಿಂದೆಯೇ ಹಾರೆ ಬರುತ್ತದೆ.

2019ರ ಜುಲೈ ನೆನಪಿದೆಯಾ? ಆನೆಗೊಂದಿಯ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನ, ಒಂಬತ್ತು ಯತಿಗಳ ಸಮಾಧಿ ಇರುವ ಜಾಗ. ಅಲ್ಲಿ ವ್ಯಾಸರಾಜರ ವೃಂದಾವನವನ್ನು ರಾತ್ರೋರಾತ್ರಿ ಕಿತ್ತು ಹಾಕಿದರು. ಕೆಳಗೆ ನಿಧಿ ಇದೆ ಅಂತ ಯಾರೋ ತಲೆಗೆ ತುಂಬಿದ್ದರು. ಪುರಂದರದಾಸರ ಗುರು, 1539ರಲ್ಲಿ ತೀರಿಕೊಂಡ ಸನ್ಯಾಸಿ. ಸನ್ಯಾಸಿಯ ಸಮಾಧಿಯ ಕೆಳಗೆ ಚಿನ್ನ ಹುಡುಕುವ ಬುದ್ಧಿಗೆ ಏನು ಹೇಳೋಣ? ಭಕ್ತರು ಕೂಡಲೇ ಮತ್ತೆ ಕಟ್ಟಿದರು, ಪೊಲೀಸರು ಹಿಡಿದೂ ಹಾಕಿದರು. ನಾನು ಮಠದ ಕಡೆ ತಲೆ ಹಾಕುವವನಲ್ಲ. ಆದರೂ ಆ ಚೆಲ್ಲಾಪಿಲ್ಲಿಯಾದ ಕಲ್ಲುಗಳ ಫೋಟೋ ನೋಡಿ ಅವತ್ತು ಊಟ ಸೇರಲಿಲ್ಲ.

ಇದು ಒಂದು ಜಾಗದ ಕತೆಯಲ್ಲ. ಊರಾಚೆಯ ಪಾಳು ಗುಡಿಗಳಿಗೆ ಹೋಗಿ ನೋಡಿ. ಲಿಂಗ ಎತ್ತಿ ಪಕ್ಕಕ್ಕೆ ಉರುಳಿಸಿರುತ್ತಾರೆ. ನಂದಿಯ ಬುಡದಲ್ಲಿ ಸೊಂಟದಷ್ಟು ಗುಂಡಿ. ಗುಂಡಿಯ ಅಂಚಲ್ಲಿ ಕುಯ್ದ ನಿಂಬೆಹಣ್ಣು, ಕುಂಕುಮ, ಅರ್ಧ ಉರಿದ ಊದುಬತ್ತಿ. ನಿಧಿ ಹೆಸರಲ್ಲಿ ಮಾಟ ಮಂತ್ರದ ಅಮಾನುಷ ಕೆಲಸ ಮಾಡಬಾರದು ಅಂತ ನಮ್ಮ ರಾಜ್ಯ 2017ರಲ್ಲಿ ಕಾನೂನೇ ಮಾಡಬೇಕಾಯಿತು. ಕಾನೂನು ಮಾಡುವಷ್ಟು ನಡೆಯುತ್ತಿತ್ತು ಅಂತಲೇ ಅರ್ಥ ತಾನೇ?

"ಸುಮ್ನೆ ಒಂದು ಕತೆ, ಅದಕ್ಕೆ ಯಾಕಿಷ್ಟು ಕೋಪ?" ಅಂತ ಕೇಳುತ್ತೀರಿ. ಗೊತ್ತು. ಮಾಯಾಮಂತ್ರದ ಕತೆ ಅಂದರೆ ನನಗೂ ಈಗಲೂ ಪ್ರಾಣ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇಡಿ, ಬೇಡ ಅಂದವರಾರು? ಆದರೆ ಆ ಗಿಳಿಗೆ ಗೂಗಲ್ ಮ್ಯಾಪ್ ಲೊಕೇಶನ್ ಹಾಕಬೇಡಿ.

ಮಾಯದ ಕೋಣೆ ಬೇಕೇ ಬೇಕಾ? ವಿರೂಪಾಕ್ಷ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ. ಗೋಡೆಯಲ್ಲಿ ಸಣ್ಣ ಕಿಂಡಿ. ಅದರಿಂದ ಬೆಳಕು ಬಂದು, ಹೊರಗಿನ ದೊಡ್ಡ ಗೋಪುರ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಮಂತ್ರ ಇಲ್ಲ, ಸರ್ಪ ಇಲ್ಲ, ಒಂದು ತೂತು! ಜನ "ಅಷ್ಟೇನಾ?" ಅಂದು ಸೆಲ್ಫಿ ತಗೊಂಡು ಹೊರಡುತ್ತಾರೆ. ನನಗೆ ಮೈ ಉರಿಯುವುದು ಅಲ್ಲೇ.

ಇನ್ನು ಬುದ್ಧಿವಂತರ ವಾದ: "ತಿರುವನಂತಪುರದ ಪದ್ಮನಾಭಸ್ವಾಮಿ ಗುಡಿಯಲ್ಲಿ 2011ರಲ್ಲಿ ನೆಲಮಾಳಿಗೆ ತೆಗೆದಾಗ ಸಿಗಲಿಲ್ವಾ? ನಾಗಬಂಧ, ಅಂದ್ರೆ ಹಾವಿನ ಮಂತ್ರದ ಬೀಗ, ಇರೋ ಬಿ ಅನ್ನೋ ಕೋಣೆ ಇನ್ನೂ ಮುಚ್ಚೇ ಇದೆಯಲ್ಲ?" ಸಿಕ್ಕಿತು ಸ್ವಾಮಿ. ಅದು ಯಾವ ಮಾಂತ್ರಿಕ ಬಚ್ಚಿಟ್ಟಿದ್ದೂ ಅಲ್ಲ. ದೇವರಿಗೆ ಬಂದದ್ದನ್ನು ಬೀಗ ಹಾಕಿ ಇಟ್ಟಿದ್ದರು, ತಾಳೆಗರಿಯಲ್ಲಿ ಲೆಕ್ಕ ಬರೆದಿದ್ದರು. ಆ ನಾಗಬಂಧದ ಬಿ ಕೋಣೆಯನ್ನು 1990ರಿಂದೀಚೆಗೆ ಕನಿಷ್ಠ ಏಳು ಸಲ ತೆಗೆದಿದ್ದಾರೆ ಅಂತ ಗುಡಿಯ ಲೆಕ್ಕ ತಪಾಸಣೆ ಮಾಡಿದ ವಿನೋದ್ ರಾಯ್ ಸುಪ್ರೀಂ ಕೋರ್ಟಿಗೆ ಕೊಟ್ಟ ವರದಿಯಲ್ಲೇ ಇದೆ. ಗರುಡ ಮಂತ್ರ ಪಠಿಸಿದರೇ ಬಾಗಿಲು ತೆರೆಯೋದು ಅಂತ ಈಗಲೂ ವಿಡಿಯೋ ಬರುತ್ತಲೇ ಇವೆ ಬಿಡಿ.

ಹಂಪಿಯ ವಿಷಯಕ್ಕೆ ಬಂದರೆ, 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ಕೂಡಲೇ ರಾಮರಾಯನ ತಮ್ಮ ತಿರುಮಲರಾಯ ಖಜಾನೆಯನ್ನು ಆನೆಗಳ ಮೇಲೆ ಹೇರಿಕೊಂಡು ಆಂಧ್ರದ ಪೆನುಗೊಂಡೆಯ ದಾರಿ ಹಿಡಿದ. ಉಳಿದದ್ದನ್ನು ಗೆದ್ದವರು ತಿಂಗಳುಗಟ್ಟಲೆ ದೋಚಿದರು. ಅಷ್ಟು ದಂಡು ಅಗೆದು ಬಗೆದು ಬಿಟ್ಟುಹೋದ ಜಾಗದಲ್ಲಿ ನಿಮ್ಮ ನಿಂಬೆಹಣ್ಣಿಗೆ ಏನು ಸಿಗುತ್ತದೆ?

ಈಗ ಇದನ್ನು ಓದಿ ಯಾರೂ ಹಾರೆ ಹಿಡಿದು ಪೆನುಗೊಂಡೆಗೆ ಹೊರಡಬೇಡಿ, ದಮ್ಮಯ್ಯ.