ಪಾಚಿ ಹಿಸ್ಸೆ ತಗೊಂಡು ಬೇರೆ ಹೋದದ್ದು

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಸಂದೇಶ ಸುತ್ತುತ್ತದೆ. ಕಾಡಿನಲ್ಲಿ ಎಲ್ಲರೂ ಎಲ್ಲರಿಗೂ ಸಹಾಯ ಮಾಡುತ್ತಾರಂತೆ. ಶಿಲೀಂಧ್ರಗಳು ಗಿಡಗಳಿಗೆ ಪ್ರೀತಿಯಿಂದ ಊಟ ಬಡಿಸುತ್ತವಂತೆ. ಮನುಷ್ಯ ಮಾತ್ರ ಕೆಟ್ಟವನಂತೆ. ನನಗೆ ಇದು ಸರಿಬರುವುದಿಲ್ಲ. ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ನೋಡಬೇಕೆಂದರೆ ತೀರ್ಥಹಳ್ಳಿ–ಆಗುಂಬೆ ರಸ್ತೆ ಪಕ್ಕದ ಧರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ ನೋಡಿ.

ಅಲ್ಲಿ ಎರಡು ಥರದ ಹಸಿರು ಇರುತ್ತದೆ. ಒಂದು ಪುಟ್ಟ ಪುಟ್ಟ ಎಲೆಯ ಪಾಚಿ, ಅಂದರೆ ಮಾಸ್. ಇನ್ನೊಂದು ಮಣ್ಣಿಗೆ ಅಂಟಿ ಚಪ್ಪಟೆಯಾಗಿ ಹರಡುವ ಲಿವರ್‌ವರ್ಟ್. ನಮಗೆ ಎರಡೂ ಒಂದೇ, ಕಾಲಿಟ್ಟರೆ ಜಾರುತ್ತೇವೆ ಅಷ್ಟೇ. ಆದರೆ ಲಿವರ್‌ವರ್ಟ್‌ಗಳ ಹಲವು ಜಾತಿಗಳ ಮೈಯೊಳಗೆ ಸೂಕ್ಷ್ಮ ಶಿಲೀಂಧ್ರ ವಾಸವಾಗಿದೆ. ಅದು ಮಣ್ಣಿನಿಂದ ರಂಜಕ ತಂದುಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ, ಕೊಬ್ಬು ಕೊಡುತ್ತದೆ. ಪ್ರೀತಿ ಗೀತಿ ಏನಿಲ್ಲ, ವ್ಯವಹಾರ. ಇವುಗಳಲ್ಲಿ ಮುಖ್ಯ ಗುಂಪಿನ ಶಿಲೀಂಧ್ರಗಳಿಗೆ ಕೊಬ್ಬಿನಾಮ್ಲ ತಾವೇ ತಯಾರಿಸಿಕೊಳ್ಳಲು ಬರುವುದಿಲ್ಲ. 2021ರಲ್ಲಿ ವಿಜ್ಞಾನಿಗಳು ಒಂದು ಲಿವರ್‌ವರ್ಟ್‌ನಲ್ಲಿ ಕೊಬ್ಬು ಒದಗಿಸಲು ಬೇಕಾದ ಜೀನ್ ಕೆಡಿಸಿ ನೋಡಿದರು. ಶಿಲೀಂಧ್ರ ಅದರೊಳಗೆ ಸರಿಯಾಗಿ ಊರಲೇ ಇಲ್ಲ.

ಈ ವ್ಯವಹಾರ ಎಷ್ಟು ಹಳೆಯದು ಗೊತ್ತಾ? ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲಿನಲ್ಲಿ 40 ಕೋಟಿ ವರ್ಷಕ್ಕೂ ಹಿಂದಿನ ಗಿಡಗಳು ಸಿಕ್ಕಿವೆ. ಅವುಗಳಲ್ಲಿ ಬೇರೇ ಇಲ್ಲದ ಗಿಡದ ಕೋಶಗಳೊಳಗೂ ಇಂಥದೇ ಶಿಲೀಂಧ್ರ ಕವಲೊಡೆದು ಕೂತಿದೆ. ನಮ್ಮ ಅಡಿಕೆ ಮರದ ಬೇರಿನಲ್ಲಿ ಈ ನಂಟು ಇವತ್ತಿಗೂ ಇದೆ. ನಾವು ಮಾತ್ರ ಶಿಲೀಂಧ್ರ ಅಂದ ಕೂಡಲೇ ಕೊಳೆರೋಗ ನೆನೆದು ಮೈಲುತುತ್ತು, ಸುಣ್ಣ ಹುಡುಕುತ್ತೇವೆ. ಅಂದಹಾಗೆ ಕೊಳೆ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಬಣ್ಣದ ಕಡಲಕಳೆಗಳ ದೂರದ ನೆಂಟ. ಅದು ಬೇರೆ ಜಗಳ, ಬಿಡಿ.

ಈಗ ಪಾಚಿಯ ವಿಷಯ. ಅದು ಈ ವ್ಯವಹಾರದಿಂದ ಹೊರಗೆ ಬಂದಿದೆ. ಅದರ ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಮಳೆನೀರನ್ನೂ ಅದರಲ್ಲಿ ಕರಗಿದ್ದನ್ನೂ ನೇರವಾಗಿ ಹೀರುತ್ತದೆ. ಅಂಥದ್ದಕ್ಕೆ ದಲ್ಲಾಳಿ ಯಾಕೆ ಬೇಕು? ನನಗೆ ಒಪ್ಪಿಗೆಯಾಗುವ ವಿವರಣೆ ಇದೇ. ಹಿಸ್ಸೆ ಆಗಿ ಬೇರೆ ಮನೆ ಮಾಡಿದರೂ ಹಳೆ ಮನೆಯ ಬೀಗದ ಕೈ ಮಾತ್ರ ಅದರ ಸೊಂಟದಲ್ಲೇ ಇದೆ. ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವ ಕೆಲವು ಜೀನ್‌ಗಳು ಪಾಚಿಯಲ್ಲಿ ಇನ್ನೂ ಉಳಿದಿವೆ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅವನ್ನು ಕೃತಕವಾಗಿ ಚಾಲೂ ಮಾಡಿದಾಗ, ಕಷ್ಟಕಾಲ ತಡೆದುಕೊಳ್ಳುವ ದಪ್ಪಗೋಡೆಯ ಕೋಶಗಳು ಹುಟ್ಟಿದವು. ಹಳೆ ಜೀನ್‌ಗೆ ಹೊಸ ಕೆಲಸ! ಹಾಗಂತ ಶಿಲೀಂಧ್ರಗಳೇನು ಪಾಚಿಯನ್ನು ಬಿಟ್ಟು ದೂರ ಹೋಗಿಲ್ಲ. ಒಳಗೆ ಸುಮ್ನೆ ಇರುವವೂ ಇವೆ, ಕೊಳೆಸಿ ತಿನ್ನುವವೂ ಇವೆ.

ಹಾಗಾಗಿ ಬಾಟನಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಟೂರ್ ಅಂತ ಊಟಿಗೆ ಹೋಗುವ ಬದಲು ಮಕ್ಕಳನ್ನು ಹತ್ತಿರದ ಧರೆಗೆ ಕರೆದುಕೊಂಡು ಹೋಗಿ. ಲಿವರ್‌ವರ್ಟ್ ಚೂರಿನ ಹಸಿರು ಕಳೆದು, ವಿನೆಗರ್ ಬೆರೆಸಿದ ಪೆನ್ನಿನ ಇಂಕಿನಲ್ಲಿ ಅದ್ದಿ ಮೈಕ್ರೋಸ್ಕೋಪಿನಲ್ಲಿ ತೋರಿಸಿ, ಒಳಗೆ ಶಿಲೀಂಧ್ರ ಇದ್ದರೆ ಎಳೆಗಳು ಬಣ್ಣ ಹಿಡಿಯುತ್ತವೆ. ಆಮೇಲೆ ಪಾಚಿಯಲ್ಲೂ ಹುಡುಕಿಸಿ. ‘ಕವಲೊಡೆದ ಎಳೆ ಸಿಗಲಿಲ್ಲ’ ಅಂತ ರೆಕಾರ್ಡ್ ಬುಕ್ಕಿನಲ್ಲಿ ಬರೆದವರಿಗೆ ದಯವಿಟ್ಟು ಮಾರ್ಕ್ಸ್ ಕಡಿತ ಮಾಡಬೇಡಿ.