ಒಂದೇ ಎಲೆಯಲ್ಲಿ ಹೋಯಿತು

ಇಸ್ಪೀಟು ಆಡುವವರು ಕೊನೆಯ ಎಲೆಯನ್ನು ಥಟ್ಟನೆ ಎತ್ತಿ ನೋಡುವುದಿಲ್ಲ. ಅಂಗೈಯಲ್ಲಿ ಮುಚ್ಚಿಕೊಂಡು, ಹೆಬ್ಬೆರಳಿನಿಂದ ಮೂಲೆಯನ್ನು ಕೂದಲೆಳೆಯಷ್ಟು ಸರಿಸಿ, ಮೊದಲು ಕೆಂಪೋ ಕಪ್ಪೋ ಎಂದು ನೋಡಿ, ಅಂಕಿಯನ್ನು ಆಮೇಲೆ ನೋಡುತ್ತಾರೆ. ನಮ್ಮ ಭಾವ ದೀಪಾವಳಿಯಲ್ಲಿ ಹೀಗೆ ಆಡುತ್ತಿದ್ದರು. ಫೋನಿಗೆ ರಮ್ಮಿ ಬಂದ ಮೇಲೆ ದೀಪಾವಳಿಗೆ ಕಾಯುವ ಅಗತ್ಯ ಉಳಿಯಲಿಲ್ಲ. ಅಕ್ಕನ ಎರಡೆಳೆ ಸರ ಅಡವಿಗೆ ಹೋದದ್ದು ನಮಗೆ ಗೊತ್ತಾಗಿದ್ದು ಹರಾಜಿನ ನೋಟಿಸು ಬಂದಾಗ.

ಮನೆಯವರೆಲ್ಲ ಅದಕ್ಕೆ ದುರಾಸೆ ಎಂದು ಹೆಸರಿಟ್ಟೆವು. ಆದರೆ ದುರಾಸೆಯವನು ಗೆದ್ದ ದಿನ ಗಂಟು ಕಟ್ಟಿಕೊಂಡು ಏಳುತ್ತಾನೆ. ಭಾವ ಗೆದ್ದ ದಿನವೇ ಹೆಚ್ಚು ಹೊತ್ತು ಆಡುತ್ತಿದ್ದರು.

ಮಿದುಳಿನ ನರಕೋಶಗಳು ಸಂದೇಶ ಕಳಿಸಲು ಬಳಸುವ ಡೋಪಮೈನ್ ಎಂದರೆ ಸುಖದ ರಸಾಯನ ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ವಿವರಣೆ ಇಲ್ಲಿ ದಾರಿ ತಪ್ಪಿಸುತ್ತದೆ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ, ರಸ ಬರುವ ಸೂಚನೆಯನ್ನು ಮಂಗ ಕಲಿತ ಮೇಲೆ, ಡೋಪಮೈನ್ ನರಕೋಶಗಳು ಸ್ಪಂದಿಸಿದ್ದು ರಸಕ್ಕಲ್ಲ, ಸೂಚನೆಗೆ. 2003ರಲ್ಲಿ ಅವರ ತಂಡ ಇನ್ನೊಂದನ್ನು ಕಂಡಿತು: ಸೂಚನೆಗೂ ರಸಕ್ಕೂ ನಡುವಿನ ಕಾಯುವಿಕೆಯಲ್ಲಿ ಈ ಕೋಶಗಳ ಚಟುವಟಿಕೆ ನಿಧಾನವಾಗಿ ಏರುತ್ತಿತ್ತು, ಮತ್ತು ರಸ ಬರುವ ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ ಇದ್ದಾಗ ಆ ಏರಿಕೆ ಅತ್ಯಂತ ಹೆಚ್ಚಾಗಿತ್ತು. ಹೆಬ್ಬೆರಳು ಎಲೆಯ ಮೂಲೆಯನ್ನು ಸರಿಸುವ ಆ ಕ್ಷಣ ಎಷ್ಟು ಲಂಬಿಸಿದರೂ ಸಾಲದಾಗುವುದೇಕೆ ಎಂಬುದು ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ.

ಸೋತವರು ಹೇಳುವ ಇನ್ನೊಂದು ಮಾತಿದೆ: ‘ಒಂದೇ ಎಲೆಯಲ್ಲಿ ಹೋಯಿತು.’ ಕೂದಲೆಳೆಯಲ್ಲಿ ತಪ್ಪಿದ ಗೆಲುವು, ಲೆಕ್ಕದಲ್ಲಿ ಪೂರ್ತಿ ಸೋಲೇ ಆದರೂ, ಗೆಲುವಿಗೆ ಸ್ಪಂದಿಸುವ ಮಿದುಳಿನ ಭಾಗಗಳನ್ನೇ ಕೆರಳಿಸುತ್ತದೆ ಎಂದು ಲ್ಯೂಕ್ ಕ್ಲಾರ್ಕ್ ಎಂಬ ಸಂಶೋಧಕ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಹಾಗಾಗಿ ರಮ್ಮಿ ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದ ವಾದ ನನಗೆ ಪಕ್ಕದ ದಾರಿ ಹಿಡಿದಂತೆ ಕಾಣುತ್ತದೆ. ಮುಂದಿನ ಎಲೆ ಏನೆಂದು ಗೊತ್ತಿಲ್ಲದಿರುವುದೊಂದೇ ಮಿದುಳಿಗೆ ಸಾಕು. 2025ರ ಆಗಸ್ಟಿನಲ್ಲಿ ಸಂಸತ್ತು ತಂದ ಕಾಯ್ದೆ ಈ ಭೇದವನ್ನು ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು.

ಇದೆಲ್ಲ ಜೂಜುಕೋರನಿಗೆ ನೆಪ ಒದಗಿಸುವ ವಿಜ್ಞಾನ ಎನ್ನುವವರು, ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗಿ ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಿಗಳ ವಿಚಾರವನ್ನು ಗಮನಿಸಬೇಕು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 2005ರಲ್ಲಿ ಇಂತಹ 11 ರೋಗಿಗಳ ಬಗ್ಗೆ ಬರೆದರು. ಡೋಪಮೈನನ್ನು ಅನುಕರಿಸುವ ಮಾತ್ರೆ, ಹೆಚ್ಚಿನವರಲ್ಲಿ ಪ್ರಮಿಪೆಕ್ಸೋಲ್, ತೆಗೆದುಕೊಳ್ಳುತ್ತಿದ್ದಾಗ ಅವರಿಗೆ ಜೂಜಿನ ಗೀಳು ಅಂಟಿತ್ತು. ಮಾತ್ರೆ ಇಳಿಸಿದಾಗ ಅಥವಾ ನಿಲ್ಲಿಸಿದಾಗ, ಮುಂದೆ ವಿಚಾರಿಸಲು ಸಿಕ್ಕವರಲ್ಲಿ ಆ ಗೀಳು ಇಳಿದುಹೋಗಿತ್ತು. ಅವರಿಗೆ ಯಾರೂ ಬುದ್ಧಿ ಹೇಳಿ ಬಿಡಿಸಿದ್ದಲ್ಲ. (ಇದನ್ನು ಓದಿ ಯಾರೂ ಮನೆಯ ಹಿರಿಯರ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಅದು ಬೇರೆಯೇ ಅಪಾಯ.)

ಭಾವನಿಗೆ ಪಾರ್ಕಿನ್ಸನ್ ಇಲ್ಲ, ಅಕ್ಕನ ಸರಕ್ಕೆ ರಸಾಯನ ಹೊಣೆಯಾಗುವುದೂ ಇಲ್ಲ. ಕೊನೆಗೆ ಮನೋವೈದ್ಯರ ಬಳಿ ಹೋದಾಗ ಎಷ್ಟು ಕಳೆದಿರಿ ಎಂಬುದು ಅವರ ಮೊದಲ ಪ್ರಶ್ನೆಯಾಗಿರಲಿಲ್ಲ. ‘ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದರು. ಬಿ.ಪಿ.ಯದ್ದೊಂದೇ ಎಂದರು ಭಾವ. ಆಮೇಲೆ ವೈದ್ಯರು, ಆಡುವ ಮನಸ್ಸು ದಿನದ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳಿದರು. ಭಾವ ಉತ್ತರಿಸುವ ಮೊದಲೇ ಅಕ್ಕ, ‘ರಾತ್ರಿ ಊಟವಾದ ಮೇಲೆ, ನಾನು ಪಾತ್ರೆ ತೊಳೆಯುವಾಗ’ ಎಂದಳು.