ಕರೆಂಟ್ ಕಂಪನಿಗೆ ಮರ ಓದಿದವರೂ ಬೇಕು

ಈ ಸಲ ಯುಗಾದಿಗೆ ಅಂತ ಊರಿಗೆ ಬಂದೆ. ಆಟೋ ಬೆಂಗಳೂರಿನ ತ್ಯಾಗರಾಜನಗರದ ನಮ್ಮ ರಸ್ತೆಗೆ ತಿರುಗಿತು. ನೋಡ್ತಾ ನೋಡ್ತಾ ಮನೆ ದಾಟಿ ಮುಂದೆ ಹೋಗಿಬಿಟ್ಟೆವು. ನನ್ನ ಕಣ್ಣಿಗೆ ನಮ್ಮ ಮನೆಯ ಗುರುತು ಗೇಟಿನ ಪಕ್ಕದ ಹೊಂಗೆ ಮರ. ಆ ಮರಕ್ಕೆ ತಲೆಯೇ ಇರಲಿಲ್ಲ. ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ಮೂರು ಮೊಂಡು ಕೊಂಬೆ, ಅಷ್ಟೇ. ಯುಗಾದಿ ಹೊತ್ತಿಗೆ ಹೊಂಗೆ ಎಳೆ ಎಲೆ ಬಿಟ್ಟು ಎಣ್ಣೆ ಹಚ್ಚಿದ ಹಾಗೆ ಹೊಳೆಯಬೇಕು.

"ಲೈಟಿನವರು ಕಣೋ," ಅಂದರು ಅಮ್ಮ. "ವೈರಿಗೆ ತಾಗ್ತಿತ್ತಂತೆ. ನಾನು ಕಾಫಿ ಸೋಸೋಷ್ಟರಲ್ಲಿ ಕಡಿದು ಹಾಕಿದ್ರು." ಪಕ್ಕದ ಮನೆಯ ಆಂಟಿ, ಅವರು ಕಾರ್ಪೊರೇಷನ್ ಕಡೆಯವರು ಅಂದರು. ಮೂಲೆ ಅಂಗಡಿಯವರು, ಅವರು ಯಾರೋ ಗುತ್ತಿಗೆಯವರು ಅಂದರು. ಮರದ ಕೆಳಗೆ ಹದಿನೈದು ವರ್ಷದಿಂದ ಇಸ್ತ್ರಿ ಗಾಡಿ ನಿಲ್ಲುತ್ತಿತ್ತು. ನೆರಳು ಹೋದ ಮೇಲೆ ಅವರು ಗಾಡಿ ತಳ್ಳಿಕೊಂಡು ಮುಂದಿನ ಕ್ರಾಸಿಗೆ ಹೋಗಿದ್ದಾರೆ.

ನನಗೆ ಇದು ಜಾಸ್ತಿ ನೋವು ಕೊಟ್ಟಿದ್ದಕ್ಕೆ ಕಾರಣ ಇದೆ. ನಾನು ಓದಿದ್ದೇ ಮರದ ವಿಷಯ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಅಮೆರಿಕಕ್ಕೆ ಎಂಎಸ್ ಮಾಡಲು ಹೋದೆ. ಅಲ್ಲಿ ಒಂದು ಬೇಸಿಗೆ ಪೂರ್ತಿ, ಹನ್ನೆರಡು ವಾರ, ಪಶ್ಚಿಮ ಕರಾವಳಿಯ ಒಂದು ಸಾರ್ವಜನಿಕ ವಿದ್ಯುತ್ ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ. ಕೆಲಸದ ಹೆಸರು ನಗರ ಅರಣ್ಯ, ಅಂದರೆ ಊರಿನೊಳಗಿನ ಮರಗಳನ್ನು ನೋಡಿಕೊಳ್ಳುವುದು. ಗಂಟೆಗಿಷ್ಟು ಅಂತ ಸಂಬಳ ಕೊಡುತ್ತಿದ್ದರು. ಆಗ ಅಪ್ಪ ಫೋನಿನಲ್ಲಿ ಕೇಳಿದ್ದರು: "ಕರೆಂಟ್ ಕಂಪನಿಯಲ್ಲಿ ಗಿಡಮರ ಓದಿದವನಿಗೆ ಏನಪ್ಪಾ ಕೆಲಸ?" ಅವರಿಗೆ ಅವತ್ತು ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಈಗ ಹೇಳುತ್ತೇನೆ.

ಅಮೆರಿಕದಲ್ಲಿ ಊರಿನವರದೇ ಆದ ವಿದ್ಯುತ್ ಸಂಸ್ಥೆಗಳು ಸುಮಾರು 2,000 ಇವೆ. ಅವಕ್ಕೆ ಷೇರುದಾರರಿಲ್ಲ. ನಾನು ಈಗ ಇರುವ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಊರಿನ ಸಂಸ್ಥೆಯೂ ಅಂಥದ್ದೇ. 1923ರಲ್ಲಿ ಜನ ಓಟು ಹಾಕಿ ಅದನ್ನು ಕಟ್ಟಿಕೊಂಡರು. ಅದರ ಆಡಳಿತ ಮಂಡಳಿಯ ಏಳು ಜನರನ್ನು ಈಗಲೂ ಬಿಲ್ ಕಟ್ಟುವವರೇ ಆರಿಸುತ್ತಾರೆ. ಈ ಸಂಸ್ಥೆ 1990ರಿಂದ ಮನೆಗಳಿಗೆ ನೆರಳಿನ ಮರದ ಸಸಿ ಪುಕ್ಕಟೆ ಕೊಡುತ್ತಿದೆ. ಹೀಗೆ ಕೊಟ್ಟಿದ್ದು 5 ಲಕ್ಷಕ್ಕೂ ಜಾಸ್ತಿ. ಕರೆಂಟ್ ಮಾರುವವರು ಮರ ಯಾಕೆ ಹಂಚಬೇಕು? ಲೆಕ್ಕ ಸುಲಭ. ಸ್ಯಾಕ್ರಮೆಂಟೊದ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಸಂಜೆ ಬಿಸಿಲು ಪಶ್ಚಿಮದ ಗೋಡೆಗೆ ಬಿದ್ದರೆ ಊರಿನ ಎಲ್ಲ ಎಸಿಗಳೂ ಒಟ್ಟಿಗೆ ಓಡುತ್ತವೆ. ಆ ಎರಡು ಮೂರು ಗಂಟೆಗೆ ಬೇಕಾಗುವ ಕರೆಂಟೇ ಕಂಪನಿಗೆ ಬಲು ದುಬಾರಿ. ಪಶ್ಚಿಮಕ್ಕೆ ಎಲೆ ಉದುರಿಸುವ ಜಾತಿಯ ಒಂದು ಮರ ಇದ್ದರೆ ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು.

ಇದು ನೆಡುವ ಕಡೆಯ ಮಾತಾಯಿತು. ಕಡಿಯುವ ಕಡೆಯ ಮಾತೂ ಇದೆ. 2003ರ ಆಗಸ್ಟ್ 14ರಂದು ಒಹಾಯೊದಲ್ಲಿ ದೊಡ್ಡ ವಿದ್ಯುತ್ ಲೈನುಗಳು ಲೋಡು ಹೆಚ್ಚಾಗಿ ಕಾದು ಜೋತವು. ಕಾದ ತಂತಿ ಉದ್ದವಾಗುತ್ತದೆ, ಕೆಳಗೆ ಬಾಗುತ್ತದೆ. ಕೆಳಗೆ ಮರಗಳು ಬೆಳೆದು ನಿಂತಿದ್ದವು. ತಂತಿ ಮರಕ್ಕೆ ತಾಗಿತು, ಒಂದಾದ ಮೇಲೆ ಒಂದು ಲೈನು ಬಿದ್ದುಹೋಯಿತು. ಕಂಟ್ರೋಲ್ ರೂಮಿನ ಎಚ್ಚರಿಕೆ ಗಂಟೆಯೂ ಆ ದಿನ ಕೈಕೊಟ್ಟಿತ್ತು. ಕೆಲವೇ ಗಂಟೆಗಳಲ್ಲಿ ಅಮೆರಿಕದ 8 ರಾಜ್ಯಗಳು, ಕೆನಡಾದ ಒಂಟಾರಿಯೊ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿದ್ದರು. ಆಮೇಲೆ ದೊಡ್ಡ ಲೈನುಗಳ ಕೆಳಗಿನ ಮರ ನೋಡಿಕೊಳ್ಳುವುದು ಅಲ್ಲಿ ಕಡ್ಡಾಯ ನಿಯಮ ಆಯಿತು. ಮರವನ್ನು ಬಲ್ಲವರು ಕಂಪನಿಯ ಒಳಗೇ ಇರಬೇಕು ಎನ್ನುವುದು ಆಗ ಇನ್ನಷ್ಟು ಗಟ್ಟಿಯಾಯಿತು.

ನನ್ನ ಕೆಲಸ ಬೆಳಗ್ಗೆ ಆರೂವರೆಗೆ ಶುರು. ಜೊತೆಗೆ ಒಬ್ಬ ಹಿರಿಯ ಆರ್ಬರಿಸ್ಟ್, ಅಂದರೆ ಮರದ ಆರೈಕೆ ಕಲಿತು ಪರೀಕ್ಷೆ ಪಾಸಾದವರು. ಒಂದು ಬೀದಿ ಹಿಡಿದು ನಡೆಯುವುದು. ಪ್ರತಿ ಮರದ ಜಾತಿ ಬರೆಯಬೇಕು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಅಳೆಯಬೇಕು. ತಂತಿಗೂ ಕೊಂಬೆಗೂ ಎಷ್ಟು ದೂರ, ಈ ಜಾತಿ ವರ್ಷಕ್ಕೆ ಎಷ್ಟು ಅಡಿ ಬೆಳೆಯುತ್ತದೆ ಅಂತ ಗುರುತು ಮಾಡಬೇಕು. ರಬ್ಬರ್ ಸುತ್ತಿಗೆಯಿಂದ ಕಾಂಡ ತಟ್ಟಿ ಕಿವಿಗೊಡಬೇಕು. ಹಲಸಿನ ಹಣ್ಣು ತಟ್ಟಿ ನೋಡುತ್ತೀವಲ್ಲ, ಹಾಗೆಯೇ. ಒಳಗೆ ಟೊಳ್ಳಿದ್ದರೆ ಸದ್ದೇ ಬೇರೆ. ಮೊದಲ ವಾರ ನನಗೆ ಏನೂ ಕೇಳಿಸುತ್ತಿರಲಿಲ್ಲ. ನಾಲ್ಕನೇ ವಾರಕ್ಕೆ ಕಿವಿ ಪಳಗಿತು.

ಆ ಹನ್ನೆರಡು ವಾರದಲ್ಲಿ ನಾನು ಒಂದೇ ಒಂದು ಕೊಂಬೆಯನ್ನೂ ಕಡಿಯಲಿಲ್ಲ. ಕಡಿಯಲು ಬಿಡುವುದೂ ಇಲ್ಲ. ಕರೆಂಟ್ ಹರಿಯುವ ತಂತಿಯಿಂದ ತರಬೇತಿ ಇಲ್ಲದವರು 10 ಅಡಿ ದೂರ ಇರಲೇಬೇಕು. ನನ್ನ ಕೆಲಸ ನೋಡುವುದು, ಬರೆಯುವುದು, ಗರಗಸ ಬರುವ ಮೊದಲೇ ಆ ಮನೆಯ ಬಾಗಿಲಿಗೆ ಚೀಟಿ ಸಿಕ್ಕಿಸುವುದು. ಈ ಮರವನ್ನು ಯಾಕೆ ಸವರುತ್ತೇವೆ, ಯಾವ ಕೊಂಬೆ, ಯಾವಾಗ ಅಂತ ಅದರಲ್ಲಿ ಇರುತ್ತಿತ್ತು. ಚೀಟಿ ನೋಡಿ ಕೋಪದಿಂದ ಹೊರಗೆ ಬಂದ ಅಜ್ಜಿಯೊಬ್ಬರು ಅರ್ಧ ಗಂಟೆ ಮಾತಾಡಿ, ಕೊನೆಗೆ ನಮಗೆ ನಿಂಬೆ ಶರಬತ್ತು ಕೊಟ್ಟು ಕಳಿಸಿದರು. ಅವರಿಗೆ ಬೇಕಿದ್ದುದು ಅವರ ಮರದ ಬಗ್ಗೆ ಯಾರಾದರೂ ಅವರನ್ನು ಕೇಳಬೇಕು ಅನ್ನೋದು.

ಕಡಿಯುವುದರಲ್ಲೂ ಒಂದು ವಿದ್ಯೆ ಇದೆ. ಕೊಂಬೆ ಕಾಂಡಕ್ಕೆ ಸೇರುವ ಜಾಗದಲ್ಲಿ ಬಳೆಯ ಹಾಗೆ ಒಂದು ಉಬ್ಬು ಇರುತ್ತದೆ. ಅದರ ಹೊರಗೆ ಕುಯ್ಯಬೇಕು, ಅದಕ್ಕೆ ಪೆಟ್ಟಾಗಬಾರದು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೀಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಚೈನ್‌ಸಾದಿಂದ ಉದ್ದಕ್ಕೆ ಸೀಳಿ ಒಳಗೆ ನೋಡಿದರು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ ಎಂದು ತೋರಿಸಿದರು. ಮರ ಗಾಯದ ಸುತ್ತ ಗೋಡೆ ಕಟ್ಟಿ, ಕೊಳೆತವನ್ನು ಒಳಗೇ ಮುಚ್ಚಿಡುತ್ತದೆ. ಆ ಬಳೆ ಉಳಿದರೆ ಗೋಡೆ ಬೇಗ ಮುಚ್ಚಿಕೊಳ್ಳುತ್ತದೆ. ನಡುವೆ ಎಲ್ಲೋ ಮಚ್ಚಿನಿಂದ ಕೊಚ್ಚಿದರೆ ಮೊಂಡು ಕೊಳೆಯುತ್ತದೆ. ದಪ್ಪ ಕೊಂಬೆಯನ್ನು ಮೂರು ಸಲ ಕುಯ್ಯಬೇಕು. ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಅದಕ್ಕಿಂತ ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಬಳೆಯ ಪಕ್ಕದಲ್ಲಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ.

ತಲೆ ಕಡಿದ ಮರ ಸುಮ್ನೆ ಇರುವುದಿಲ್ಲ. ಮೊಂಡಿನ ತುದಿಯಿಂದ ಹತ್ತಾರು ಚಿಗುರು ಒಟ್ಟಿಗೆ ನುಗ್ಗುತ್ತವೆ. ಜೋರಾಗಿ ಬೆಳೆದು ಎರಡೇ ಮಳೆಗಾಲದಲ್ಲಿ ಮತ್ತೆ ತಂತಿ ಮುಟ್ಟುತ್ತವೆ. ಅವಕ್ಕೆ ಕಾಂಡದ ಒಳಗಿನಿಂದ ಹಿಡಿತ ಇರುವುದಿಲ್ಲ, ತೊಗಟೆಯ ಹತ್ತಿರ ಅಂಟಿಕೊಂಡಿರುತ್ತವೆ ಅಷ್ಟೇ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳುವುದು ಹೆಚ್ಚಾಗಿ ಇವೇ. ಕರೆಂಟ್ ಉಳಿಸಲು ಕಡಿದ ಮರವೇ ಕರೆಂಟ್ ತೆಗೆಯುತ್ತದೆ. ಕಂಪನಿಗೂ ನಷ್ಟ, ಬೀದಿಗೂ ನಷ್ಟ, ಅಲ್ವಾ?

ಇಷ್ಟು ಹೇಳಿ, ಅಲ್ಲಿಯದು ಒಳ್ಳೆಯದು ಇಲ್ಲಿಯದು ಕೆಟ್ಟದ್ದು ಅಂದರೆ ಅದು ನ್ಯಾಯ ಆಗುವುದಿಲ್ಲ. ಅಲ್ಲಿ ಮರಗಳು ಚಳಿಗಾಲ ಪೂರ್ತಿ ಮಲಗುತ್ತವೆ. ಆಗ ನಿಧಾನವಾಗಿ ನೋಡಿ ಸವರಬಹುದು. ಬೆಂಗಳೂರಿನ ಮರ ಹೆಚ್ಚುಕಡಿಮೆ ವರ್ಷವಿಡೀ ಬೆಳೆಯುತ್ತಲೇ ಇರುತ್ತದೆ. ಅಲ್ಲಿ ಬೀದಿಗಳು ಅಗಲ. ನಮ್ಮ ಕ್ರಾಸ್ ರಸ್ತೆಗಳಲ್ಲಿ ಮರ, ಕಂಬ, ಟ್ರಾನ್ಸ್‌ಫಾರ್ಮರ್, ಚರಂಡಿ, ಕೇಬಲ್ ಎಲ್ಲವೂ ಆರೇಳು ಅಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿವೆ.

ಇದು ಇವತ್ತಿನ ಕಥೆಯೂ ಅಲ್ಲ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹೊತ್ತಿಸಿದ್ದು 1905ರ ಆಗಸ್ಟ್‌ನಲ್ಲಿ. ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತಿದ್ದು 1908ರಲ್ಲಿ. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಸಾಲುಮರ ನೆಡಿಸಿದವರು ಅವರು. ತಂತಿಯೂ ಸಾಲುಮರವೂ ನಮ್ಮ ಊರಲ್ಲಿ ಒಟ್ಟಿಗೆ ಬೆಳೆದವು. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ನೇಗಿನಹಾಳರು ಬಡಾವಣೆ ಬಡಾವಣೆಗೂ ಸಸಿ ಮುಟ್ಟಿಸಿ ಸುಮಾರು 15 ಲಕ್ಷ ಮರ ಬೆಳೆಸಿದರು. 1976ರಿಂದಲೇ ನಮ್ಮಲ್ಲಿ ಮರ ಸಂರಕ್ಷಣೆಯ ಕಾಯ್ದೆ ಇದೆ. ಮರ ಉರುಳಿಸಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಪ್ರೀತಿಗೆ ನಮ್ಮಲ್ಲಿ ಕೊರತೆ ಇಲ್ಲ. ಅಶ್ವತ್ಥಕಟ್ಟೆಗೆ ಸುತ್ತು ಹಾಕುವ ಜನ ನಾವು. ಸ್ಯಾಕ್ರಮೆಂಟೊದಲ್ಲಿ ಮರದ ಕೆಳಗೆ ಎಳನೀರು ಮಾರುವವರಿಲ್ಲ, ಚಪ್ಪಲಿ ಹೊಲಿಯುವವರಿಲ್ಲ, ಇಸ್ತ್ರಿ ಗಾಡಿ ಇಲ್ಲ. ಅಲ್ಲಿ ಮರ ನೆರಳು ಕೊಡುತ್ತದೆ. ಇಲ್ಲಿ ಮರ ಅನ್ನವನ್ನೂ ಕೊಡುತ್ತದೆ.

ಆ ದಿನ ಮರ ಕಡಿಯಲು ಬಂದಿದ್ದ ಪವರ್‌ಮ್ಯಾನ್ ಒಬ್ಬರು ಮಾರನೇ ವಾರ ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ಸಿಕ್ಕರು. ನಾನು ಸಿಟ್ಟಿನಲ್ಲಿಯೇ ಹೋಗಿ ಮಾತಾಡಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸರ್, ಮಳೆ ಶುರುವಾಗೋ ಮುಂಚೆ ಲೈನ್ ಕ್ಲಿಯರ್ ಆಗ್ಬೇಕು. ಎರಡು ಗಂಟೆ ಲೈನ್ ಆಫ್ ಕೊಡ್ತಾರೆ. ಅಷ್ಟರಲ್ಲಿ ಇಪ್ಪತ್ತು ಮರ. ಎಲ್ಲಿ ಕಡೀಬೇಕು ಅಂತ ನಮಗೆ ಯಾರೂ ಹೇಳ್ಕೊಟ್ಟಿಲ್ಲ," ಅಂದರು. ಅವರ ಊರು ಕುಣಿಗಲ್ ಹತ್ತಿರ. ತೋಟದಲ್ಲಿ ಮಾವಿನ ಮರ ಸವರುವುದು ಅಪ್ಪನಿಂದ ಬಂದಿದೆ. "ನಮ್ಮ ತೋಟದಲ್ಲಾದ್ರೆ ಹಿಂಗೆ ಕಡೀತಿದ್ವಾ ಸರ್?" ಅಂತ ಅವರೇ ಹೇಳಿದರು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಜೀವ ಪಣಕ್ಕಿಟ್ಟು ಕಂಬ ಹತ್ತುವವರ ಮೇಲೆ ತಪ್ಪು ಹೊರಿಸಿ ಏನು ಮಾಡೋದು? ಮರ ನೋಡಿ ಗುರುತು ಹಾಕಿಕೊಡುವ ಒಬ್ಬರು ಅವರ ಜೊತೆಗೆ ಇರಬೇಕಿತ್ತು.

ಆ ಒಬ್ಬರನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ಪದವಿ ಮುಗಿಸಿ ಹೊರಗೆ ಬರುತ್ತಾರೆ. ನನ್ನ ಜೊತೆ ಓದಿದ ಎಷ್ಟೋ ಜನ ಈಗ ಬ್ಯಾಂಕಿನಲ್ಲಿದ್ದಾರೆ. ಮರದ ಒಳಗನ್ನು ಅರಿತವರು ಮಲ್ಲೇಶ್ವರದ 18ನೇ ಕ್ರಾಸಿನ ಮರ ವಿಜ್ಞಾನ ಸಂಸ್ಥೆಯಲ್ಲೇ ಇದ್ದಾರೆ. ಈ ಹುಡುಗರಿಗೆ ವಿದ್ಯುತ್ ಕಂಪನಿಯಲ್ಲಿ ಒಂದು ಬೇಸಿಗೆಯ ಇಂಟರ್ನ್‌ಶಿಪ್ ಕೊಡಿ ಅನ್ನುವುದಷ್ಟೇ ನನ್ನ ಮಾತು. ಸಂಬಳ ಕೊಟ್ಟೇ ಕೊಡಿ. ಪುಕ್ಕಟೆ ದುಡಿಸಿದರೆ ಅನುಕೂಲಸ್ಥರ ಮಕ್ಕಳು ಮಾತ್ರ ಬರುತ್ತಾರೆ. ಶುರುವಿಗೆ ಇಡೀ ಊರು ಬೇಡ. ಒಂದು ಉಪವಿಭಾಗ, ಇಬ್ಬರು ವಿದ್ಯಾರ್ಥಿಗಳು, ಜೊತೆಗೆ ಒಬ್ಬ ಅನುಭವಿ ಪವರ್‌ಮ್ಯಾನ್. ಜನವರಿಯಲ್ಲಿ ಅಳತೆ, ಫೆಬ್ರವರಿಯಲ್ಲಿ ಬಣ್ಣದ ಗುರುತು, ಮಾರ್ಚ್‌ನಲ್ಲಿ ಸವರುವುದು. ಮಳೆ ಬಂದ ಮೇಲೆ ಎಷ್ಟು ಸಲ ಕರೆಂಟ್ ಹೋಯಿತು ಅಂತ ಪಕ್ಕದ ಉಪವಿಭಾಗದ ಜೊತೆ ಹೋಲಿಸಿ ನೋಡಿ.

ಈ ವಿದ್ಯಾರ್ಥಿಗಳು ಇನ್ನೂ ಎರಡು ಕೆಲಸ ಮಾಡಬಹುದು. ತಂತಿಯ ಕೆಳಗೆ ಏನು ನೆಡಬೇಕು ಅಂತ ಹೇಳಬಹುದು. ಮಳೆಮರ, ಗುಲ್‌ಮೊಹರ್ ಕಂಬದ ಕೆಳಗೆ ನೆಟ್ಟರೆ ಮುಂದೆ ಜಗಳ ಖಂಡಿತ. ಪಾರಿಜಾತ, ದೇವಕಣಗಿಲೆ, ಬಸವನಪಾದ, ಸೀಬೆ ಅಲ್ಲಿಗೆ ಸಾಕು. ದೊಡ್ಡ ಮರಗಳನ್ನು ತಂತಿ ಇಲ್ಲದ ಬದಿಗೆ ನೆಡೋಣ. ಎರಡನೆಯದು, ಕೇಬಲ್ ನೆಲದಡಿಗೆ ಹಾಕುವಾಗ ಬೇರು ಕಾಯುವುದು. ಮರದ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಜೆಸಿಬಿ ಒಂದು ಬದಿಯ ಬೇರನ್ನು ಕತ್ತರಿಸಿ ಹೋದರೆ, ಮೇಲೆ ಒಂದೇ ಬದಿಗೆ ಕೊಂಬೆ ಉಳಿಸಿದ ಮರ ಗಾಳಿಗೆ ನಿಲ್ಲುತ್ತದೆಯೇ?

ಬೆಂಗಳೂರಿನ ದಾಖಲೆ ಬಿಸಿಲು 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಫ್ಯಾನ್ ಹಾಕಿದ್ದೇ ಕಡಿಮೆ. ಈ ಯುಗಾದಿಗೆ ಅಮ್ಮ ಮೊದಲ ಸಲ ಎಸಿ ಬಗ್ಗೆ ವಿಚಾರಿಸಿದರು. ಹೊಂಗೆ ಇದ್ದದ್ದು ಅವರ ಕೋಣೆಯ ಕಿಟಕಿಯ ಪಶ್ಚಿಮಕ್ಕೆ.

ಮರದ ಮೊಂಡುಗಳಲ್ಲಿ ಈಗ ಚಿಗುರು ಬಂದಿದೆ. ಎಣಿಸಿದೆ, ಒಂದರಲ್ಲೇ ಹದಿನೇಳು. ಅದರಲ್ಲಿ ಗಟ್ಟಿಯಾದ ಎರಡನ್ನು ಉಳಿಸಿ, ತಂತಿಯಿಂದ ಆಚೆ ಬಾಗುವ ಹಾಗೆ ಬೆಳೆಸಬೇಕು. ಉಳಿದದ್ದನ್ನು ಎಳೆಯದಾಗಿರುವಾಗಲೇ ತೆಗೆಯಬೇಕು. ಮೂರು ನಾಲ್ಕು ವರ್ಷದ ಕೆಲಸ. ಕುಣಿಗಲ್‌ನ ಆ ಅಣ್ಣನಿಗೆ ಫೋನ್ ಮಾಡಿದೆ. ಲೈನ್ ಆಫ್ ಇರುವ ದಿನ ನೋಡಿಕೊಂಡು, ಮಚ್ಚು ಬಿಟ್ಟು ಕೈಗರಗಸ ತರುತ್ತೇನೆ ಅಂದಿದ್ದಾರೆ. ಬಳೆ ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಇಟ್ಟಿದ್ದೇನೆ.